ಸೂತ್ರವಿಲ್ಲದ ಲೆಕ್ಕ

ಸೂತ್ರ ದೊರೆಯದ ಲೆಕ್ಕವನ್ನು ನಮ್ಮ ಬಾಲಿಕೆಯರು ಬರಿದೇ ಬಿಟ್ಟು ಬರುವುದುಂಟು. ಊಹಿಸಿ ಬರೆದರೆ ಗುರುಗಳು ಮುನಿಯುವರೆಂಬ ಭಯ. ತಾಯ್ತಂದೆಗಳೂ ಇದನ್ನು ಬಲ್ಲರು.

ಕೆಪ್ಲರನು ಮಂಗಳನ ಗತಿಯನ್ನು ಕುರಿತು 1609ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೀಜಾತೀತ ಸಮೀಕರಣವೊಂದುಂಟು: ಬೇಕಾದ ಕೋನವು, ಅದರ ಸೈನನ್ನು ಉತ್ಕೇಂದ್ರತೆಯಿಂದ ಗುಣಿಸಿ, ಕಾಲದಿಂದ ದೊರೆತ ಕೋನಕ್ಕೆ ಕೂಡಿಸಿದಷ್ಟು. ಬೇಕಾದದ್ದೇ ಎರಡು ಕಡೆಯೂ ಕುಳಿತಿರುವಾಗ ಬಿಡಿಸುವುದೆಂತು?

ಮೇಲ್ತರಗತಿಯವರು ಕಾಲದ ಕೋನವನ್ನು 1 ರೇಡಿಯನ್ ಎಂದೂ ಉತ್ಕೇಂದ್ರತೆಯನ್ನು 0.0934 ಎಂದೂ ಇಟ್ಟುಕೊಂಡು, ಸ್ಪ್ರೆಡ್‌ಶೀಟಿನ ಮೊದಲ ಮನೆಯಲ್ಲಿ 1 ಎಂದು ಊಹಿಸಿ ಬರೆದರು. ಕೆಳಗಿನ ಪ್ರತಿ ಮನೆಯೂ ಮೇಲಿನದನ್ನೇ ತೆಗೆದುಕೊಂಡು ಲೆಕ್ಕಿಸಿತು: 1.0786, 1.0823, 1.0825. ಮುಂದೆ ನಾಲ್ಕು ದಶಾಂಶಗಳು ಕದಲಲಿಲ್ಲ. ಸಾಲುಸಾಲಿಗೂ ದೋಷವು ಹತ್ತರಲ್ಲೊಂದು ಪಾಲಿಗಿಂತಲೂ ಕಿರಿದಾಗುವುದೇ ಕಾರಣ.

ಒಬ್ಬಾಕೆ, ಸದಾ ಬರಿದೇ ಬಿಡುತ್ತಿದ್ದವಳು, ಬೇಕೆಂದೇ 50 ಎಂದು ಊಹಿಸಿದಳು. ಐದನೆಯ ಸಾಲಿನಲ್ಲಿ ಅದೇ 1.0825.