ಹಿರಿಯರ ಔಷಧ, ಮನೆಯವರ ಎಚ್ಚರ

ಔಷಧವೂ ವಿಷವೂ ಬೇರೆ ಬೇರೆ ಕಪಾಟುಗಳಲ್ಲಿರುವ ವಸ್ತುಗಳೆಂದು ಲೋಕವು ಸಾಮಾನ್ಯವಾಗಿ ಭಾವಿಸುತ್ತದೆ. ವಾಸ್ತವ ಹಾಗಿಲ್ಲ. ರಕ್ತನಾಳಗಳಲ್ಲಿ ರಕ್ತವು ಹೆಪ್ಪುಗಟ್ಟದಂತೆ ತಡೆಯಲು ಕೊಡುವ ವಾರ್ಫರಿನ್ 1948ರಲ್ಲಿ ಅಮೆರಿಕದಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದಿತು. 1954ರಲ್ಲಿ ಅದೇ ವಸ್ತುವು ಮನುಷ್ಯರ ಚಿಕಿತ್ಸೆಗೆ ಮಾನ್ಯವಾಯಿತು. ವಸ್ತು ಒಂದೇ, ಬದಲಾದುದು ಅದರ ಪ್ರಮಾಣ ಮತ್ತು ಅದನ್ನು ಕೊಡುವವರ ಎಚ್ಚರ.

ವಯಸ್ಸಾದಂತೆ ಈ ಪ್ರಮಾಣದ ಲೆಕ್ಕವೇ ಬೇರೆಯಾಗುತ್ತದೆ. ಮೂತ್ರಪಿಂಡಗಳ ಶಕ್ತಿ ಕುಂದುವುದರಿಂದ, ಹೊರಹೋಗಬೇಕಾದ ಔಷಧವು ಹೆಚ್ಚು ಕಾಲ ದೇಹದಲ್ಲಿಯೇ ಉಳಿಯುತ್ತದೆ. ಹೃದ್ರೋಗಕ್ಕೆ ಕೊಡುವ ಡಿಗಾಕ್ಸಿನ್ ಇದಕ್ಕೆ ನಿದರ್ಶನ. ಐವತ್ತರಲ್ಲಿ ಹಿತವಾಗಿದ್ದ ಪ್ರಮಾಣವು ಎಂಬತ್ತರಲ್ಲಿ ಅರುಚಿ, ವಾಕರಿಕೆ, ಮಂದನಾಡಿಗಳನ್ನು ಉಂಟುಮಾಡಬಹುದು. ಮನೆಯವರು ಅದನ್ನು ವಯಸ್ಸಿನ ಸಹಜ ದೋಷವೆಂದು ತಳ್ಳಿಹಾಕುವುದುಂಟು. ವೃದ್ಧರಿಗೆ ಒಗ್ಗದ ಔಷಧಗಳ ಪಟ್ಟಿಯೊಂದನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದರು. ಆ ಪಟ್ಟಿ ಅಂದಿನಿಂದ ಪರಿಷ್ಕಾರಗೊಳ್ಳುತ್ತ ಬಂದಿದೆ. ಭಾರತದಲ್ಲಿ ಮಧುಮೇಹಕ್ಕೆ ಬಹುಕಾಲ ಬಳಕೆಯಲ್ಲಿರುವ ಗ್ಲಿಬೆನ್‌ಕ್ಲಮೈಡ್ ಈಗ ಅದರಲ್ಲಿ ಸೇರಿದೆ. ವೃದ್ಧರಲ್ಲಿ ಅದು ರಕ್ತದ ಸಕ್ಕರೆಯನ್ನು ಅತಿಯಾಗಿ ಇಳಿಸಿ, ದೀರ್ಘಕಾಲ ಹಾಗೆಯೇ ಇಡಬಲ್ಲುದು.

ದೇಹದ ಈ ಬದಲಾವಣೆಗೆ ಮನೆಯ ಅವ್ಯವಸ್ಥೆಯೂ ಸೇರಿಕೊಳ್ಳುತ್ತದೆ. ಹೃದಯಕ್ಕೊಬ್ಬ ವೈದ್ಯರು, ಕೀಲುನೋವಿಗೆ ಇನ್ನೊಬ್ಬರು. ಎಲ್ಲ ಚೀಟಿಗಳನ್ನೂ ಒಟ್ಟಿಗೆ ನೋಡುವವರು ಯಾರೂ ಇಲ್ಲ. ಒಂದೇ ಔಷಧವು ಎರಡು ಕಂಪನಿಗಳ ಎರಡು ಹೆಸರಿನಲ್ಲಿ ಮನೆ ಸೇರಿ, ದಿನಕ್ಕೆ ಎರಡು ಪಟ್ಟು ಹೊಟ್ಟೆ ಸೇರುತ್ತದೆ. ಜ್ವರದ ಮಾತ್ರೆಯಲ್ಲಿಯೂ ನೆಗಡಿಯ ಮಾತ್ರೆಯಲ್ಲಿಯೂ ಪ್ಯಾರಸಿಟಮಾಲ್ ಇರುತ್ತದೆ. ಮಿತಿಮೀರಿದರೆ ಅದು ಯಕೃತ್ತನ್ನು ಕೆಡಿಸುತ್ತದೆ. ಸಂಧಿವಾತಕ್ಕೆ ವಾರಕ್ಕೊಮ್ಮೆ ಮಾತ್ರ ಸೇವಿಸಬೇಕಾದ ಮೆಥೊಟ್ರೆಕ್ಸೇಟನ್ನು ಪ್ರತಿದಿನ ನುಂಗಿ ಪ್ರಾಣ ಕಳೆದುಕೊಂಡವರು ಹಲವು ದೇಶಗಳಲ್ಲಿದ್ದಾರೆ. ಇನ್ನು ಕುಡಿಯುವ ನೀರಿನ ಹಳೆಯ ಬಾಟಲಿಯಲ್ಲಿ ಫಿನೈಲು ತುಂಬಿಡುವ ಅಭ್ಯಾಸವಂತೂ ಮಂದದೃಷ್ಟಿಯ ಹಿರಿಯರಿಗೆ ಒಡ್ಡಿದ ಉರುಲೇ ಸರಿ.

ಇವೆಲ್ಲವೂ ತಿದ್ದಬಹುದಾದ ದೋಷಗಳು. ಆದರೆ ತಿದ್ದಬೇಕಾದರೆ ಮೊದಲು ತಿಳಿಯಬೇಕು. ಹಿರಿಯರು ಹೇಳದಿರುವುದೇ ಅನೇಕ ಮನೆಗಳಲ್ಲಿ ನಿಜವಾದ ಅಪಾಯ.

ತುಮಕೂರು ಜಿಲ್ಲೆಯ ಒಂದು ಮನೆಯಲ್ಲಿ ಎಪ್ಪತ್ತೆಂಟರ ವಯಸ್ಸಿನ ತಾಯಿಯೊಬ್ಬರು ಪ್ರತಿ ಚತುರ್ದಶಿಯಂದು ಉಪವಾಸ ಮಾಡುತ್ತಿದ್ದರು. ಮುಂಜಾನೆಯ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಔಷಧವು ಆಹಾರವಲ್ಲವೆಂಬುದು ಅವರ ನಂಬಿಕೆ. ಒಂದು ಮಧ್ಯಾಹ್ನ ಮೈ ಬೆವರಿ, ಕೈ ನಡುಗಿ, ಮಾತು ತೊದಲತೊಡಗಿತು. ಸೊಸೆ ಸಕ್ಕರೆ ನೀರು ತಂದಾಗ ವ್ರತಭಂಗವಾಗುವುದೆಂದು ತುಟಿ ಬಿಗಿಹಿಡಿದರು. ಬಹಳ ಬೇಡಿಕೊಂಡ ಮೇಲೆ ನಾಲ್ಕು ಗುಟುಕು ಕುಡಿದರು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಚೇತರಿಸಿಕೊಂಡರು. ಹಿಂದಿನ ಎರಡು ಉಪವಾಸಗಳಲ್ಲಿಯೂ ಹೀಗೆಯೇ ನಡುಕ ಬಂದಿತ್ತೆಂಬುದನ್ನು ಅವರು ಆಮೇಲೆ ಹೇಳಿದರು. ಹೇಳಿದರೆ ಉಪವಾಸವನ್ನೇ ಬಿಡಿಸುವರೆಂಬ ಭಯದಿಂದ ಸುಮ್ಮನಿದ್ದರಂತೆ. ವೈದ್ಯರು ಬೈಯಲಿಲ್ಲ. ಔಷಧವನ್ನು ಬದಲಿಸಿ, ಆ ದಿನ ಪೂರ್ಣ ಉಪವಾಸಕ್ಕೆ ಬದಲಾಗಿ ಏಕಭುಕ್ತ ಮಾಡುವಂತೆಯೂ, ಮಾತ್ರೆಯನ್ನು ಆ ಊಟದೊಡನೆಯೇ ಸೇವಿಸುವಂತೆಯೂ ಸೂಚಿಸಿದರು. ಆ ತಾಯಿ ಒಪ್ಪಿದರು. ಮೊದಲೇ ಕೇಳಿದ್ದರೆ ಮೊದಲೇ ಒಪ್ಪುತ್ತಿದ್ದರು.

ಸೂರ್ಯಾಸ್ತದ ನಂತರ ಆಹಾರ ಸೇವಿಸದ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಚೀಟಿಯಲ್ಲಿ ‘ರಾತ್ರಿ ಊಟದ ನಂತರ’ ಎಂದು ಬರೆದ ಮಾತ್ರೆಯನ್ನು ಕೆಲವರು ಒಂಬತ್ತು ಗಂಟೆಗೆ ಖಾಲಿ ಹೊಟ್ಟೆಯಲ್ಲಿ ನುಂಗುತ್ತಾರೆ, ಕೆಲವರು ಬಿಟ್ಟೇಬಿಡುತ್ತಾರೆ. ವೈದ್ಯರಿಗೆ ಮನೆಯ ಆಹಾರನಿಯಮವನ್ನು ತಿಳಿಸಿದರೆ ಸೂಕ್ತ ಸಮಯವನ್ನು ಅವರೇ ಗೊತ್ತುಮಾಡುವರು. ಸ್ವತಃ ಮಾತ್ರೆಯನ್ನು ನಿಲ್ಲಿಸುವುದಾಗಲಿ ಹೆಚ್ಚಿಸುವುದಾಗಲಿ ಸಲ್ಲದು. ಔಷಧದಾನ ಮಾಡುವ ಬಸದಿಗಳ ಟ್ರಸ್ಟುಗಳು ಮನೆಗಳಲ್ಲಿ ಉಳಿದ ಬಿಡಿ ಮಾತ್ರೆಗಳನ್ನು ಸಂಗ್ರಹಿಸಿ ಹಂಚುವುದಕ್ಕಿಂತ, ವರ್ಷಕ್ಕೆರಡು ಬಾರಿ ಹಿರಿಯರ ಔಷಧದ ಪೆಟ್ಟಿಗೆಗಳನ್ನು ವೈದ್ಯರಿಂದ ಪರಿಶೀಲಿಸುವ ಶಿಬಿರ ನಡೆಸುವುದು ಹೆಚ್ಚು ಫಲಕಾರಿ.

ಮನೆಯಲ್ಲಿ ಮಾಡಬೇಕಾದುದು ಅಲ್ಪವೇ. ಎಲ್ಲ ಔಷಧಗಳ ಹೆಸರು, ಪ್ರಮಾಣ, ಸಮಯಗಳನ್ನು ದೊಡ್ಡ ಅಕ್ಷರಗಳಲ್ಲಿ ಒಂದೇ ಹಾಳೆಯಲ್ಲಿ ಬರೆದು, ಯಾವ ವೈದ್ಯರ ಬಳಿಗೆ ಹೋದರೂ ಅದನ್ನು ಒಯ್ಯಬೇಕು. ವಾರದ ಮಾತ್ರೆಗೆ ವಾರದ ಹೆಸರನ್ನೇ ಬರೆದಿಡಬೇಕು. ಅವಧಿ ಮೀರಿದವನ್ನು ತೆಗೆದುಹಾಕಬೇಕು. ಯಾವುದೇ ರಾಸಾಯನಿಕವನ್ನು ಅದರ ಮೂಲ ಡಬ್ಬಿಯಿಂದ ಬೇರೆಡೆಗೆ ಸುರಿಯಬಾರದು. ತಪ್ಪಿ ಏನಾದರೂ ಸೇವಿಸಿದಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಅಪಾಯಕರ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, 108ಕ್ಕೆ ಕರೆಮಾಡಿ, ಆ ಬಾಟಲಿ ಅಥವಾ ಮಾತ್ರೆಯ ಪಟ್ಟಿಯೊಡನೆ ಆಸ್ಪತ್ರೆಗೆ ಒಯ್ಯಬೇಕು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ 1995ರಲ್ಲಿ ಆರಂಭವಾದ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವು 1800 116 117 ಸಂಖ್ಯೆಯಲ್ಲಿ ಹಗಲಿರುಳು ಸಲಹೆ ನೀಡುತ್ತದೆ.

ಇಷ್ಟಾದರೂ ಕಡೆಗೆ ಉಳಿಯುವುದು ಮಾತಿನ ರೀತಿ. ‘ಮಾತ್ರೆ ತೆಗೆದುಕೊಂಡಿರಾ, ಇಲ್ಲವಾ?’ ಎಂದು ಗದರಿ ಕೇಳಿದವರಿಗೆ ‘ಹೂಂ’ ಎಂಬ ಉತ್ತರವಷ್ಟೇ ದೊರೆಯುತ್ತದೆ. ಅದು ನಿಜವೋ ಅಲ್ಲವೋ ತಿಳಿಯದು. ಪಕ್ಕದಲ್ಲಿ ಕುಳಿತು, ಪೆಟ್ಟಿಗೆಯನ್ನು ಒಟ್ಟಿಗೆ ತೆರೆದು ನೋಡುವವರಿಗೆ ಮಾತ್ರ ಮರೆವು, ನಡುಕ, ಎರಡು ಬಾರಿ ನುಂಗಿದ ಮಾತ್ರೆ, ಎಲ್ಲವೂ ತಿಳಿಯುತ್ತವೆ. ತಪ್ಪನ್ನು ನಿರ್ಭಯವಾಗಿ ಹೇಳಬಲ್ಲ ಹಿರಿಯರಿರುವ ಮನೆಯಲ್ಲಿ ಔಷಧವು ಔಷಧವಾಗಿಯೇ ಉಳಿಯುತ್ತದೆ.