ಗೋಕಾಕದ ಕರದಂಟು: ಗೋಧಿ ಸಲ್ಲದ ಮಗುವಿಗೊಂದು ಸಿಹಿ

ಘಟಪ್ರಭೆಯು 52 ಮೀಟರು ಎತ್ತರದಿಂದ ಧುಮ್ಮಿಕ್ಕುವ ಗೋಕಾಕದ ಜಲಪಾತವನ್ನು ನಾವು ಹಲವು ಸಲ ಕಂಡವರು. ಈ ಸಲ ಬೆಳಗಾವಿ ಜಿಲ್ಲೆಯ ಆ ಊರಿಗೆ ಹೋದುದು ಜಲಪಾತಕ್ಕಾಗಿ ಅಲ್ಲ, ಪೇಟೆಯ ಕರದಂಟಿನ ಅಂಗಡಿಗಳಿಗಾಗಿ.

ಅದಕ್ಕೆ ಕಾರಣವುಂಟು. ನಮ್ಮ ಪರಿಚಯದ ಮನೆತನವೊಂದರ ಎಂಟು ವರ್ಷದ ಬಾಲಕಿಗೆ ಸೀಲಿಯಾಕ್ ಎಂಬ ವ್ಯಾಧಿ. ಗೋಧಿ, ಜವೆಗೋಧಿ ಮೊದಲಾದ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಶವು ಇಂಥವರ ಸಣ್ಣ ಕರುಳಿನ ಒಳಪದರವನ್ನು ಕೆಡಿಸುತ್ತದೆ. ಆಗ ಉಂಡ ಅನ್ನದ ಸಾರ ಮೈಗೆ ಹತ್ತದು. ಆ ಧಾನ್ಯಗಳನ್ನು ಜೀವಮಾನವಿಡೀ ವರ್ಜಿಸುವುದೇ ಇದಕ್ಕೆ ಚಿಕಿತ್ಸೆ. ಕಳೆದ ಯುಗಾದಿಯ ಪಂಕ್ತಿಯಲ್ಲಿ ಹೋಳಿಗೆ, ಮಾದಲಿ ಬಡಿಸುತ್ತ ಬಂದಾಗ ಆ ಮಗು ಎಲೆಗೆ ಎರಡೂ ಕೈ ಅಡ್ಡ ಹಿಡಿದುದನ್ನು ಕಂಡು ನಮಗೆ ತುತ್ತು ಇಳಿಯಲಿಲ್ಲ. ಗೋಧಿಯಿಲ್ಲದ ಸಿಹಿ ನಮ್ಮ ನಾಡಿನಲ್ಲಿಯೇ ಇರುವಾಗ ಅದನ್ನೇಕೆ ಅರಸಬಾರದು ಎನಿಸಿತು.

ಕರಿದ ಅಂಟು ಸೇರಿದುದೇ ಕರದಂಟು. ಮರದಿಂದ ಒಸರಿ ಗಟ್ಟಿಯಾದ ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ ಇದರ ಸಾಮಗ್ರಿ. ಬಾಗಲಕೋಟೆ ಜಿಲ್ಲೆಯ ಅಮೀನಗಡವೂ ಇದಕ್ಕೆ ಹೆಸರಾಗಿದೆ. ಅಂಗಡಿಯೊಂದರಲ್ಲಿ ಮಗುವಿನ ವಿಷಯ ತಿಳಿಸಿ ವಿಚಾರಿಸಿದೆವು. ವೃದ್ಧ ಯಜಮಾನರು, “ಅಜ್ಜಾರ, ಕರದಂಟಿಗೆ ನಾವು ಗೋಧಿ ಹಾಕಂಗಿಲ್ಲರಿ. ಆದರ ಇದೇ ಕಡಾಯಿದಾಗ ಗೋಧಿಹಿಟ್ಟಿನ ಉಂಡಿನೂ ಮಾಡ್ತೀವ್ರಿ. ಆ ಕೂಸಿಗೆ ಮನ್ಯಾಗ ಮಾಡಿಕೊಟ್ರ ಚಲೋ” ಎಂದರು. ವ್ಯಾಪಾರ ಹೋದರೂ ಚಿಂತೆಯಿಲ್ಲವೆಂದು ನಿಜ ನುಡಿದ ಆ ಹಿರಿಯರಿಗೆ ಕೈಮುಗಿದೆವು. ಗ್ಲುಟೆನ್‌ರಹಿತವೆಂದು ಮಾರುವ ಆಹಾರದಲ್ಲಿ ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಬಾರದೆಂಬುದು ನಿಯಮ. ಕಡಾಯಿಗೆ ಅಂಟಿದ ಹಿಟ್ಟೂ ಅಂಥ ಮಗುವಿಗೆ ಅಪಾಯವೇ.

ಮಾಡುವ ಕ್ರಮವನ್ನೂ ಅವರೇ ಹೇಳಿದರು. ಅಂಟು 100 ಗ್ರಾಂ, ಒಣಕೊಬ್ಬರಿ ತುರಿ ಮತ್ತು ಬೀಜ ತೆಗೆದು ಹೆಚ್ಚಿದ ಉತ್ತತ್ತಿ ತಲಾ 250 ಗ್ರಾಂ, ಗೋಡಂಬಿ ಮತ್ತು ಬಾದಾಮಿ ತಲಾ 100 ಗ್ರಾಂ, ಬೆಲ್ಲ 400 ಗ್ರಾಂ. ಅಂಟನ್ನು ತುಪ್ಪದಲ್ಲಿ ಸ್ವಲ್ಪಸ್ವಲ್ಪವಾಗಿ ಕರಿಯಬೇಕು. ಒಳಗೆ ಗಟ್ಟಿ ಉಳಿಯದೆ ಅರಳಿನಂತೆ ಉಬ್ಬಬೇಕು. ಉಳಿದವುಗಳನ್ನು ಬೇರೆಬೇರೆಯಾಗಿ ಹುರಿದಿಡಬೇಕು. ಬೆಲ್ಲಕ್ಕೆ ತುಸು ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಕುದಿಸಬೇಕು. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟರೆ ಮೆತ್ತನೆಯ ಉಂಡೆ ಕಟ್ಟುವ ಹದದಲ್ಲಿ ಇಳಿಸಿ, ಎಲ್ಲವನ್ನೂ ಕೂಡಿಸಿ, ಏಲಕ್ಕಿ, ಜಾಜಿಕಾಯಿ ಪುಡಿ ಬೆರೆಸಿ, ತುಪ್ಪ ಸವರಿದ ತಟ್ಟೆಗೆ ಒತ್ತಿ, ಬಿಸಿಯಿರುವಾಗಲೇ ಕೊಯ್ಯಬೇಕು. ಹದ ಮೀರಿದರೆ ಕಲ್ಲಾಗುವುದು, ಹದ ಮುಟ್ಟದಿದ್ದರೆ ಉದುರುವುದು.

ಮರಳಿ ಬಂದು ಆ ತಾಯಿಗೆ ಎಲ್ಲವನ್ನೂ ತಿಳಿಸಿದೆವು. ಆಕೆ ಹೊಸ ಬಾಣಲೆ ತಂದು, ಸೌಟು, ಜರಡಿ, ತಟ್ಟೆಗಳನ್ನೂ ಬೇರೆಯಾಗಿಟ್ಟರು; ಬಿಡಿಯಾಗಿ ಅಳೆದು ಕೊಡುವ ಸಾಮಗ್ರಿಗಳಲ್ಲಿ ಅನ್ಯ ಹಿಟ್ಟು ಬೆರೆಯಬಹುದೆಂದು ಮುಚ್ಚಿದ ಪೊಟ್ಟಣಗಳನ್ನೇ ಆರಿಸಿದರು. ಮೊದಲ ಸಲ ಪಾಕ ಗಟ್ಟಿಯಾಯಿತು. ಎರಡನೆಯ ಸಲ ಹದ ದೊರೆಯಿತು.

ದೀಪಾವಳಿಗೆ ಆ ಮನೆಗೆ ಹೋದೆವು. ಅಂದು ಸಿಹಿಯ ತಟ್ಟೆ ಹಿಡಿದು ಪಂಕ್ತಿಯಲ್ಲಿ ಬಡಿಸುತ್ತ ಬಂದವಳು ಆ ಬಾಲಕಿಯೇ. ನಮ್ಮ ಎಲೆಗೆ ಎರಡು ತುಂಡು ಹಾಕಿ, “ಅಜ್ಜಾರ, ಇದನ್ನ ನಾನೂ ತಿಂತೀನ್ರಿ” ಎಂದಳು. ಓದುಗರ ಮನೆಯ ಪಂಕ್ತಿಯಲ್ಲಿಯೂ ಇಂಥ ಮಗುವೊಂದು ಇದ್ದೀತು. ಬಡಿಸುವ ಮುನ್ನ ಒಂದು ಮಾತು ಕೇಳಿರಿ. ಒಂದು ಬಾಣಲೆಯನ್ನು ಬೇರೆ ಇಡಿರಿ.