ಕಂಡವನ ಹೊಣೆ, ನೋಡಿದವರ ಹೊಣೆ

ಕಂಡದ್ದನ್ನು ಕಂಡಂತೆ ಹೇಳುವುದು ಸಾಕ್ಷಿಯ ಧರ್ಮ. ಕಷ್ಟದಲ್ಲಿರುವವರಿಗೆ ಕೈನೀಡುವುದು ಮನುಷ್ಯನ ಧರ್ಮ. ಸಾಮಾನ್ಯರ ಬದುಕಿನಲ್ಲಿ ಇವೆರಡೂ ಪರಸ್ಪರ ಎದುರಾಗುವ ಪ್ರಸಂಗಗಳು ವಿರಳ. ಪತ್ರಿಕಾ ಛಾಯಾಗ್ರಾಹಕನಿಗಾದರೋ ಅದು ನಿತ್ಯದ ಪರೀಕ್ಷೆ. ವರದಿಗಾರನು ಘಟನೆ ಮುಗಿದ ಮೇಲೆ ಹೋಗಿ, ನಾಲ್ಕು ಜನರನ್ನು ಕೇಳಿ ಬರೆಯಬಹುದು. ಛಾಯಾಗ್ರಾಹಕನು ಘಟನೆ ನಡೆಯುವ ಸ್ಥಳದಲ್ಲಿ, ನಡೆಯುವ ಕ್ಷಣದಲ್ಲಿಯೇ ಇರಬೇಕು. ಆಗ ಅವನ ಎರಡು ಕೈಗಳೂ ಕ್ಯಾಮೆರಾ ಹಿಡಿದಿರುತ್ತವೆ. ಅದನ್ನು ಯಾವಾಗ ಕೆಳಗಿಡಬೇಕು ಎಂಬುದೇ ಈ ವೃತ್ತಿಯ ಮೂಲ ಪ್ರಶ್ನೆ.

ಈ ಪ್ರಶ್ನೆಯನ್ನು ಜಗತ್ತಿನ ಮುಂದೆ ತೀಕ್ಷ್ಣವಾಗಿ ಇಟ್ಟದ್ದು 1993ರ ಒಂದು ಚಿತ್ರ. ದಕ್ಷಿಣ ಆಫ್ರಿಕದ ಛಾಯಾಗ್ರಾಹಕ ಕೆವಿನ್ ಕಾರ್ಟರ್ ಅವರು ಕ್ಷಾಮ ಮತ್ತು ಅಂತರ್ಯುದ್ಧಗಳಿಂದ ಬೆಂದಿದ್ದ ದಕ್ಷಿಣ ಸೂಡಾನಿಗೆ ಹೋಗಿದ್ದರು. ಅಲ್ಲಿ ಅನ್ನ ವಿತರಣಾ ಕೇಂದ್ರವೊಂದರ ಸಮೀಪ ಎಲುಬಿನ ಗೂಡಾದ ಮಗುವೊಂದು ನೆಲಕ್ಕೆ ಕುಸಿದಿತ್ತು; ಅದರ ಹಿಂದೆ ರಣಹದ್ದು ಕುಳಿತಿತ್ತು. ಆ ಚಿತ್ರ ಮಾರ್ಚ್ 26ರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾದಾಗ, ಮಗು ಏನಾಯಿತೆಂದು ಓದುಗರು ವಿಚಾರಿಸತೊಡಗಿದರು. ಹದ್ದನ್ನು ಓಡಿಸಿದ ಮೇಲೆ ಮಗು ಚೇತರಿಸಿಕೊಂಡು ಮುಂದೆ ನಡೆಯಿತು, ಕೇಂದ್ರವನ್ನು ಸೇರಿತೋ ಇಲ್ಲವೋ ತಿಳಿಯದು ಎಂದು ಪತ್ರಿಕೆ ಕೆಲವೇ ದಿನಗಳಲ್ಲಿ ಸ್ಪಷ್ಟೀಕರಣ ನೀಡಬೇಕಾಯಿತು.

1994ರ ಏಪ್ರಿಲ್‌ನಲ್ಲಿ ಆ ಚಿತ್ರಕ್ಕೆ ಪುಲಿಟ್ಜರ್ ಪ್ರಶಸ್ತಿ ಘೋಷಿತವಾಯಿತು. ಅದೇ ತಿಂಗಳು ಕಾರ್ಟರ್ ಅವರ ಆಪ್ತಮಿತ್ರ, ಛಾಯಾಗ್ರಾಹಕ ಕೆನ್ ಊಸ್ಟರ್‌ಬ್ರೂಕ್ ಅವರು ಗಲಭೆಯ ಚಿತ್ರ ತೆಗೆಯುತ್ತಿದ್ದಾಗ ಗುಂಡಿಗೆ ಬಲಿಯಾದರು. ಜುಲೈ 27ರಂದು, 33ನೆಯ ವಯಸ್ಸಿನಲ್ಲಿ, ಕಾರ್ಟರ್ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಅವರು ಬರೆದಿಟ್ಟ ಪತ್ರದಲ್ಲಿ ಹಣದ ಮುಗ್ಗಟ್ಟು, ಗೆಳೆಯನ ಅಗಲಿಕೆ, ಕಣ್ಣಿನಿಂದ ಅಳಿಯದ ಹತ್ಯೆಗಳ ನೆನಪು ಎಲ್ಲವೂ ಇದ್ದವು. ಜಗತ್ತಿನ ದುಃಖವನ್ನು ಕಂಡು ಬಂದವರ ದುಃಖವನ್ನು ವಿಚಾರಿಸುವ ವ್ಯವಸ್ಥೆ ಅಂದು ಇರಲಿಲ್ಲವೆಂದೇ ಹೇಳಬೇಕು.

ಇಲ್ಲಿ ತಕ್ಕಡಿಯ ಎರಡೂ ತಟ್ಟೆಗಳನ್ನು ನೋಡಬೇಕಾಗುತ್ತದೆ. ಚಿತ್ರ ತೆಗೆಯಲು ಒಂದು ಕ್ಷಣ ಸಾಕು. ಅನಂತರ ಮಗುವನ್ನು ಕೇಂದ್ರದವರೆಗೆ ತಲುಪಿಸಬಹುದಿತ್ತಲ್ಲವೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಚಿತ್ರವಿಲ್ಲದಿದ್ದರೆ ಸೂಡಾನಿನ ಹಸಿವು ಎಷ್ಟು ಮಂದಿಯ ಊಟದ ಮೇಜನ್ನು ತಟ್ಟುತ್ತಿತ್ತು? ಮನೆಯಲ್ಲಿ ಕುಳಿತು ಪತ್ರಿಕೆ ಮಡಿಸಿಟ್ಟವರು, ಅಲ್ಲಿಗೆ ಹೋದವನೊಬ್ಬನನ್ನು ಮಾತ್ರ ಅಪರಾಧಿಯನ್ನಾಗಿ ನಿಲ್ಲಿಸುವುದು ನ್ಯಾಯವಾದ ಲೆಕ್ಕವಲ್ಲ. ಒಂದರ ಪುಣ್ಯ ಇನ್ನೊಂದರ ಲೋಪವನ್ನು ಅಳಿಸದು. ಎರಡನ್ನೂ ಬೇರೆ ಬೇರೆಯಾಗಿಯೇ ಬರೆದಿಡಬೇಕು.

ಭಾರತದಲ್ಲಿ ಈ ವೃತ್ತಿಯ ಘನತೆಯನ್ನು ಸಂಯಮದಿಂದ ಕಾಪಾಡಿದವರಿದ್ದಾರೆ. ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೊಮಾಯ್ ವ್ಯಾರಾವಾಲಾ ಅವರು ಹೊಸ ಪೀಳಿಗೆಯ ಛಾಯಾಗ್ರಾಹಕರ ನಡವಳಿಕೆ ಮನಸ್ಸಿಗೆ ಒಪ್ಪದೆ 1970ರಲ್ಲಿ ವೃತ್ತಿಯನ್ನೇ ತ್ಯಜಿಸಿದರು. ಮೈಸೂರಿನ ಟಿ. ಎಸ್. ಸತ್ಯನ್ ಅವರು ಸಾಮಾನ್ಯ ಜನರ ದೈನಂದಿನ ಬದುಕನ್ನೇ ತಮ್ಮ ವಸ್ತುವಾಗಿ ಆರಿಸಿಕೊಂಡರು. ಬಡವರ ಮಕ್ಕಳನ್ನು ಅವರು ತೋರಿಸಿದ ರೀತಿಯಲ್ಲಿ ಕನಿಕರಕ್ಕಿಂತ ಗೌರವ ಹೆಚ್ಚು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶಿತವಾದವು.

ಕಾಲ ಬದಲಾದಂತೆ ಕಷ್ಟಗಳ ಸ್ವರೂಪವೂ ಬದಲಾಗಿದೆ. ಫಿಲ್ಮಿನ ದಿನಗಳಲ್ಲಿ ನೆಗೆಟಿವ್ ಎಂಬ ಮೂಲ ದಾಖಲೆ ಇರುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಕಾಣದ್ದನ್ನು ಕಂಡಂತೆ ತೋರಿಸುವುದು ಸುಲಭವಾಯಿತು. 2003ರಲ್ಲಿ ಇರಾಕ್ ಯುದ್ಧದ ಎರಡು ಚಿತ್ರಗಳನ್ನು ಒಂದಾಗಿ ಬೆಸೆದುದಕ್ಕಾಗಿ ಲಾಸ್ ಏಂಜಲೀಸ್ ಟೈಮ್ಸ್ ತನ್ನ ಛಾಯಾಗ್ರಾಹಕನನ್ನು ಕೆಲಸದಿಂದ ತೆಗೆಯಿತು. 2013ರಲ್ಲಿ ಷಿಕಾಗೋ ಸನ್-ಟೈಮ್ಸ್ ಪತ್ರಿಕೆ ತನ್ನ ಛಾಯಾಗ್ರಾಹಕ ವಿಭಾಗವನ್ನೇ ಮುಚ್ಚಿತು. ಚಿತ್ರ ತೆಗೆಯುವ ಹೊಣೆ ಫೋನ್ ಹಿಡಿದ ವರದಿಗಾರರ ಮೇಲೂ ಬಿತ್ತು. ಈಗ ಕ್ಯಾಮೆರಾವೇ ಇಲ್ಲದೆ ಯಂತ್ರಬುದ್ಧಿಯಿಂದ ಚಿತ್ರ ಹುಟ್ಟುತ್ತದೆ. ಇಷ್ಟಾದರೂ ಸ್ಥಳಕ್ಕೆ ಹೋಗಿ ಕಂಡು ಬರುವವನ ಅಗತ್ಯ ತಪ್ಪಿಲ್ಲ. 2021ರಲ್ಲಿ ಕೋವಿಡ್ ಚಿತೆಗಳ ಚಿತ್ರಗಳನ್ನು ಜಗತ್ತಿಗೆ ತೋರಿಸಿದ ಡ್ಯಾನಿಶ್ ಸಿದ್ದೀಕಿ ಅವರು ಅದೇ ವರ್ಷದ ಜುಲೈ 16ರಂದು ಅಫ್ಘಾನಿಸ್ತಾನದಲ್ಲಿ ಹತರಾದರು.

ಇಂದು ಕ್ಯಾಮೆರಾ ಪ್ರತಿಯೊಬ್ಬ ಗೃಹಸ್ಥನ ಜೇಬಿನಲ್ಲಿದೆ. ರಸ್ತೆಯಲ್ಲಿ ಅಪಘಾತವಾದರೆ ಮೊದಲು ಮೇಲೇಳುವುದು ಮೊಬೈಲ್ ಹಿಡಿದ ಕೈ. ವೃತ್ತಿನಿರತನಿಗಾದರೋ ಸಾಕ್ಷಿಯ ಕರ್ತವ್ಯವೆಂಬ ಸಮರ್ಥನೆಯುಂಟು. ದಾರಿಹೋಕನಿಗೆ ಅದೂ ಇಲ್ಲ. ಗಾಯಾಳುವಿಗೆ ಸದ್ಭಾವದಿಂದ ನೆರವಾದವರಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ರಕ್ಷಣೆ ನೀಡಿರುವುದರಿಂದ, ಪೊಲೀಸರ ಗೋಜಲು ಬೇಡವೆಂಬ ನೆಪವೂ ಈಗ ನಿಲ್ಲದು. ಹಾಗೆಯೇ ಅನ್ನದಾನ, ವಸ್ತ್ರದಾನ ಮಾಡುವ ಸಂಸ್ಥೆಗಳು ಪಡೆಯುವವರ ಮುಖ ಕಾಣುವಂತೆ ಚಿತ್ರ ತೆಗೆಸಿ ಹಂಚುವ ಮುನ್ನ ಒಮ್ಮೆ ಯೋಚಿಸಬೇಕು. ಕೊಟ್ಟದ್ದಕ್ಕೆ ರಸೀದಿ ಬೇಕಾಗಬಹುದು. ಆ ರಸೀದಿ ಇನ್ನೊಬ್ಬನ ಮಾನವಾಗಬಾರದು.

ಚಿತ್ರ ತೆಗೆಯುವ ಮೊದಲು ಅದು ಯಾರಿಗೆ ಉಪಕಾರವೆಂದು ಕೇಳಿಕೊಳ್ಳುವುದು, ತೆಗೆದ ಮೇಲೆ ಚಿತ್ರದಲ್ಲಿರುವವರಿಗೆ ಏನು ಮಾಡಬಹುದೆಂದು ವಿಚಾರಿಸುವುದು, ನೋಡಿದವರೂ ಸುಮ್ಮನೆ ಪುಟ ತಿರುವದಿರುವುದು — ಈ ಮೂರರಲ್ಲಿ ಕಣ್ಣಿನ ಸಂಯಮ ಅಡಗಿದೆ. ಇದನ್ನು ಮನೆಯ ಮಕ್ಕಳಿಗೆ ಫೋನ್ ಕೊಡುವ ದಿನವೇ ಹೇಳಿಕೊಡುವುದು ಹಿರಿಯರ ಕರ್ತವ್ಯ.